ಸರಾಯೆವೊಗೆ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಬಹುದಾ?

ಪ್ರಶ್ನೆ: ನಾವು ಮ್ಯೂನಿಕ್‌ನಲ್ಲಿದ್ದೇವೆ. ಮೇ ತಿಂಗಳಲ್ಲಿ ಮೈಸೂರಿನಿಂದ ಅಪ್ಪ ಅಮ್ಮ ಬರುತ್ತಿದ್ದಾರೆ. ಅಪ್ಪ ನಿವೃತ್ತ ಇತಿಹಾಸ ಮೇಷ್ಟ್ರು. ಪ್ಯಾರಿಸ್ಸೂ ಬೇಡ, ಸ್ವಿಟ್ಜರ್ಲೆಂಡೂ ಬೇಡ, ಮೊದಲ ಮಹಾಯುದ್ಧಕ್ಕೆ ಕಿಡಿ ಹತ್ತಿದ, ಬೋಸ್ನಿಯಾ ದೇಶದ ಸರಾಯೆವೊ ತೋರಿಸು ಅಂತ ಹಟ ಹಿಡಿದಿದ್ದಾರೆ. ಅವರಿಗೆ ಮೊಣಕಾಲು ನೋವಿದೆ. ಅಮ್ಮ ಮೊಟ್ಟೆಯನ್ನೂ ಮುಟ್ಟದ ಸಸ್ಯಾಹಾರಿ. ಮಗಳಿಗೆ ಹನ್ನೊಂದು ವರ್ಷ. ಆಫೀಸಿನಲ್ಲಿ ಒಬ್ಬರು ‘ಅಲ್ಲಿ ಈಗಲೂ ನೆಲಬಾಂಬ್ ಇವೆ, ಮಕ್ಕಳನ್ನು ಕರೆದುಕೊಂಡು ಹೋಗಬೇಡಿ’ ಅಂದರು. ಟ್ರಾವೆಲ್ ಏಜೆಂಟ್ ‘ಡುಬ್ರೋವ್ನಿಕ್‌ನಲ್ಲಿ ಉಳಿದುಕೊಳ್ಳಿ, ಒಂದೇ ದಿನದಲ್ಲಿ ಮೊಸ್ತಾರ್, ಸರಾಯೆವೊ ಎರಡನ್ನೂ ತೋರಿಸುತ್ತೇವೆ’ ಅನ್ನುತ್ತಾರೆ. ಮಸೀದಿಯೊಳಗೆ ನಾವು ಹೋಗಬಹುದಾ? ಯುದ್ಧ ನಡೆದ ಜಾಗಗಳನ್ನು ಮಗುವಿಗೆ ತೋರಿಸುವುದು ಸರಿಯಾ? ಅಮ್ಮ ಅಲ್ಲಿ ಏನು ತಿನ್ನಬೇಕು?

ಉತ್ತರ: ಖಂಡಿತ ಹೋಗಿ. ಏಜೆಂಟ್ ಹೇಳಿದ ಹಾಗೆ ಮಾತ್ರ ಹೋಗಬೇಡಿ.

ಬಾಲ್ಕನ್ ದೇಶಗಳಿಗೆ ಜನರನ್ನು ಕರೆದುಕೊಂಡು ಹೋಗುವುದೇ ನನ್ನ ಕೆಲಸ. ಸರಾಯೆವೊ ಅಂದ ಕೂಡಲೇ ಬರುವ ಮೊದಲ ಪ್ರಶ್ನೆ ಯಾವಾಗಲೂ 1990ರ ದಶಕದ ಬೋಸ್ನಿಯಾ ಯುದ್ಧದ್ದೇ. ನಮ್ಮ ಪೀಳಿಗೆಯವರು ಟಿವಿಯಲ್ಲಿ ಆ ಊರನ್ನು ನೋಡಿದ್ದೇ ಹಾಗೆ, ಅಲ್ವಾ? ಆ ಯುದ್ಧ ಮುಗಿದು ಸುಮಾರು ಮೂವತ್ತು ವರ್ಷ ಆಯಿತು. ಊರಿನ ನಡುವೆ ರಾತ್ರಿ ಹತ್ತು ಗಂಟೆಗೂ ಅಜ್ಜಿಯರು ಮೊಮ್ಮಕ್ಕಳ ಕೈ ಹಿಡಿದು ಐಸ್‌ಕ್ರೀಮ್ ತಿನ್ನುತ್ತಾ ಓಡಾಡುತ್ತಾರೆ. ಪೇಟೆಯಲ್ಲಿ ನೀವು ಹುಷಾರಾಗಿರಬೇಕಾದದ್ದು ಜೇಬುಗಳ್ಳರ ವಿಷಯದಲ್ಲಿ. ಅದರಲ್ಲೂ ತುಂಬಿದ ಟ್ರಾಮ್ ಹತ್ತುವಾಗ ಪರ್ಸು ಜೋಪಾನ.

ಹಾಗಂತ ನಿಮ್ಮ ಸಹೋದ್ಯೋಗಿ ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಆ ಊರು ನಿಂತಿರುವ ಜಾಗ ಹೇಗಿದೆ ಅಂತ ಗೊತ್ತಾದರೆ ನೆಲಬಾಂಬಿನ ವಿಷಯ ತಾನಾಗಿ ಅರ್ಥವಾಗುತ್ತದೆ. ಸರಾಯೆವೊ ಉದ್ದನೆಯ, ಕಿರಿದಾದ ಕಣಿವೆಯಲ್ಲಿದೆ. ನಡುವೆ ಮಿಲ್ಯಾಟ್ಸ್ಕಾ ಅನ್ನುವ ಸಣ್ಣ ನದಿ. ಸುತ್ತಲೂ ಬೆಟ್ಟ. ಊರಿನ ದಕ್ಷಿಣಕ್ಕೆ ಎದ್ದು ನಿಂತಿರುವುದು ಟ್ರೆಬೆವಿಚ್ ಬೆಟ್ಟ. 1992ರ ಏಪ್ರಿಲ್‌ನಿಂದ 1996ರ ಫೆಬ್ರವರಿವರೆಗೆ, ಅಂದರೆ 1,425 ದಿನ, ಬೋಸ್ನಿಯನ್ ಸರ್ಬ್ ಪಡೆಗಳು (ಬೋಸ್ನಿಯಾದಲ್ಲೇ ಇರುವ ಸರ್ಬ್ ಜನಾಂಗದವರ ಸೈನ್ಯ) ಈ ಬೆಟ್ಟಗಳ ಮೇಲೆ ಕುಳಿತು ಕೆಳಗಿನ ಊರಿಗೆ ಮುತ್ತಿಗೆ ಹಾಕಿದ್ದವು. ಮೇಲಿಂದ ನೋಡಿದರೆ ಇಡೀ ಊರು ಕಣ್ಣಳತೆಯಲ್ಲಿ. ಯಾವ ಬೀದಿಯಲ್ಲಿ ಯಾರು ನಡೆಯುತ್ತಿದ್ದಾರೆ ಅನ್ನುವುದೂ ಕಾಣುತ್ತಿತ್ತು. ಎರಡು ಪಡೆಗಳ ನಡುವಿನ ಗಡಿ ಬೆಟ್ಟದ ಇಳಿಜಾರುಗಳಲ್ಲೇ ಇದ್ದದ್ದರಿಂದ ನೆಲಬಾಂಬುಗಳನ್ನು ಹೂತದ್ದೂ ಅಲ್ಲೇ, ಪೇಟೆಯ ಬೀದಿಗಳಲ್ಲಿ ಅಲ್ಲ.

ಆದ್ದರಿಂದ ನಿಯಮ ಸುಲಭ. ಊರೊಳಗೆ ಚಿಂತೆ ಬೇಡ. ಬೆಟ್ಟಕ್ಕೆ ಹೋದಾಗ ಟಾರು ರಸ್ತೆ, ಜನ ದಿನಾ ನಡೆದು ಸವೆಸಿದ ಹಾದಿ, ಇಷ್ಟರಲ್ಲೇ ಇರಿ. ಹೂ ಕೀಳಲು, ಫೋಟೊಗೆ, ಮೂತ್ರಕ್ಕೆ ಅಂತ ಪೊದೆಯೊಳಗೆ ಇಳಿಯಬೇಡಿ. ತಲೆಬುರುಡೆ ಚಿತ್ರ ಇರುವ ಕೆಂಪು ಫಲಕ ಕಂಡರೆ ಹಿಂದಕ್ಕೆ ಬನ್ನಿ. ಫಲಕ ಇಲ್ಲ ಅಂದ ಮಾತ್ರಕ್ಕೆ ಜಾಗ ಸುರಕ್ಷಿತ ಅಂತಲೂ ಅಂದುಕೊಳ್ಳಬೇಡಿ. ಮಗಳಿಗೆ ಇದನ್ನು ಮನೆಯಲ್ಲೇ ಹೇಳಿಬಿಡಿ. ಹೆದರಿಸಿ ಹೇಳಬೇಕಿಲ್ಲ, ರಸ್ತೆ ದಾಟುವುದನ್ನು ಹೇಳಿಕೊಡುವ ಧಾಟಿಯಲ್ಲಿ ಹೇಳಿದರೆ ಸಾಕು.

ಅದೇ ಟ್ರೆಬೆವಿಚ್‌ಗೆ ಈಗ ರೋಪ್‌ವೇ ಇದೆ. ಯುದ್ಧದಲ್ಲಿ ಹಾಳಾಗಿದ್ದದ್ದು 2018ರ ಏಪ್ರಿಲ್‌ನಲ್ಲಿ ಮತ್ತೆ ಶುರುವಾಯಿತು. ಹಳೇ ಪೇಟೆಯ ಹತ್ತಿರವೇ ಹತ್ತಬಹುದು, ಕೆಲವೇ ನಿಮಿಷದಲ್ಲಿ ಮೇಲಿರುತ್ತೀರಿ. ಅಪ್ಪನ ಮೊಣಕಾಲಿಗೆ ಒಂದಿಷ್ಟೂ ತೊಂದರೆ ಇಲ್ಲ. 1984ರ ಚಳಿಗಾಲದ ಒಲಿಂಪಿಕ್ಸ್‌ಗೆ ಕಟ್ಟಿದ ಬಾಬ್‌ಸ್ಲೆಡ್, ಅಂದರೆ ಮಂಜುಗಡ್ಡೆಯ ಮೇಲಿನ ಜಾರುಬಂಡಿ ಓಟದ ಕಾಂಕ್ರೀಟ್ ಹಳಿ ಬೆಟ್ಟದ ಮೇಲಿದೆ, ಮೈತುಂಬ ಬಣ್ಣದ ಗೀಚುಚಿತ್ರ ಹೊತ್ತುಕೊಂಡು. ನಿಮ್ಮ ಮಗಳಿಗೆ ಇಡೀ ಪ್ರವಾಸದಲ್ಲಿ ಜಾಸ್ತಿ ಇಷ್ಟವಾಗುವುದು ಇದೇ ಇರಬಹುದು. ದಿನಾ ನೂರಾರು ಜನ ನಡೆಯುವ ಜಾಗ ಅದು, ಭಯ ಬೇಡ. ಹಾದಿ ಬಿಟ್ಟು ಕಾಡಿಗೆ ಇಳಿಯದಿದ್ದರೆ ಆಯಿತು.

ಕಣಿವೆಯ ಇನ್ನೊಂದು ಕಾಟವನ್ನೂ ಹೇಳಿಬಿಡುತ್ತೇನೆ. ನೀವು ಮೇ ತಿಂಗಳನ್ನು ಆರಿಸಿಕೊಂಡದ್ದು ಒಳ್ಳೆಯದಾಯಿತು. ಚಳಿಗಾಲದಲ್ಲಿ ಬೆಚ್ಚನೆಯ ಗಾಳಿ ಮೇಲೆ ಮುಚ್ಚಳದಂತೆ ಕೂರುತ್ತದೆ, ಮನೆಗಳಲ್ಲಿ ಉರಿಸುವ ಕಲ್ಲಿದ್ದಲು, ಸೌದೆಯ ಹೊಗೆ ಕೆಳಗೇ ಉಳಿಯುತ್ತದೆ. ಡಿಸೆಂಬರ್, ಜನವರಿಯ ಕೆಲವು ದಿನ ಲೋಕದ ಅತಿ ಹೊಗೆಯ ಊರುಗಳ ಪಟ್ಟಿಯಲ್ಲಿ ಸರಾಯೆವೊ ಹೆಸರು ಬರುತ್ತದೆ. ವಯಸ್ಸಾದವರನ್ನು ಆಗ ಕರೆದುಕೊಂಡು ಹೋಗಲು ನಾನು ಒಪ್ಪುವುದಿಲ್ಲ. ಮೇ ತಿಂಗಳಲ್ಲಿ ಮಳೆ ಬರಬಹುದು, ಒಂದು ಕೊಡೆ ಸಾಕು. ತಾರೀಖು ಗೊತ್ತುಮಾಡುವ ಮುಂಚೆ ಆ ವರ್ಷ ಬಕ್ರೀದ್ ಯಾವಾಗ ಬೀಳುತ್ತದೆ ನೋಡಿಕೊಳ್ಳಿ. ಹಬ್ಬದ ದಿನ ಹಳೇ ಪೇಟೆಯ ಬಹಳಷ್ಟು ಅಂಗಡಿಗಳ ಬಾಗಿಲು ಹಾಕಿರುತ್ತದೆ.

ಈಗ ಏಜೆಂಟ್ ಮಾತಿಗೆ ಬರೋಣ. ಡುಬ್ರೋವ್ನಿಕ್ ಇರುವುದು ಕ್ರೊಯೇಷಿಯಾದಲ್ಲಿ, ಮೊಸ್ತಾರ್, ಸರಾಯೆವೊ ಎರಡೂ ಬೋಸ್ನಿಯಾದಲ್ಲಿ. ನಡುವೆ ಬೆಟ್ಟದ ರಸ್ತೆ, ಗಡಿ ತಪಾಸಣೆ. ಬಸ್ಸಿನಲ್ಲಿ ಹೋಗಲಿಕ್ಕೇ ಐದಾರು ಗಂಟೆ ಹಿಡಿಯುತ್ತದೆ. ಒಂದೇ ದಿನದಲ್ಲಿ ಹೋಗಿ ಬರುವುದೆಂದರೆ ಮೊಣಕಾಲು ನೋವಿರುವ ಹಿರಿಯರನ್ನು ಹತ್ತು ಗಂಟೆ ಸೀಟಿನಲ್ಲಿ ಕೂರಿಸಿ, ಸರಾಯೆವೊದಲ್ಲಿ ಒಂದು ಸೇತುವೆ, ಒಂದು ಕಾರಂಜಿ ತೋರಿಸಿ ವಾಪಸ್ ಕರೆತಂದ ಹಾಗೆ. ಡುಬ್ರೋವ್ನಿಕ್‌ನಿಂದ ಮೊಸ್ತಾರ್ ಒಂದನ್ನೇ ನೋಡಿ ಬರುವುದಾದರೆ ಆಗಬಹುದು. ಸರಾಯೆವೊಗೆ ಮೂರು ರಾತ್ರಿ ಕೊಡಿ. ಹಳೇ ಪೇಟೆಗೆ ನಡೆದು ಹೋಗುವಷ್ಟು ಹತ್ತಿರ, ನದಿಯ ಪಕ್ಕದ ಸಮತಟ್ಟು ಬೀದಿಯಲ್ಲಿ ರೂಮ್ ಹಿಡಿಯಿರಿ. ‘ಒಳ್ಳೆ ನೋಟ ಕಾಣುವ ಮನೆ’ ಅಂತ ಜಾಹೀರಾತು ಇದ್ದರೆ ಅದು ಬೆಟ್ಟದ ಮೇಲಿದೆ ಅಂತಲೇ ಅರ್ಥ. ಅಲ್ಲಿನ ಕಡಿದಾದ ಬೀದಿಗಳನ್ನು ಹತ್ತಿ ನಾವೇ ಏದುಸಿರು ಬಿಡುತ್ತೇವೆ.

ವೀಸಾ ವಿಷಯವನ್ನು ಏಜೆಂಟ್ ಹೇಳಿದ್ದಾರಾ? ನಾನು ನೋಡಿದ ಮಟ್ಟಿಗೆ ಜಾಸ್ತಿ ಕುಟುಂಬಗಳು ಸಿಕ್ಕಿಬೀಳುವುದು ಇಲ್ಲೇ. ಬೋಸ್ನಿಯಾ ಯುರೋಪಿಯನ್ ಒಕ್ಕೂಟದಲ್ಲೂ ಇಲ್ಲ, ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪ್ ದೇಶಗಳ ಗುಂಪಾದ ಷೆಂಗೆನ್‌ನಲ್ಲೂ ಇಲ್ಲ. ಕ್ರೊಯೇಷಿಯಾ 2023ರ ಜನವರಿ 1ರಿಂದ ಷೆಂಗೆನ್ ಸೇರಿದೆ. ಅಪ್ಪ ಅಮ್ಮನದು ಒಂದೇ ಸಲ ಒಳಬರುವ ಷೆಂಗೆನ್ ವೀಸಾ ಆಗಿದ್ದರೆ, ಬೋಸ್ನಿಯಾಗೆ ಕಾಲಿಟ್ಟ ಕ್ಷಣ ಅದು ಮುಗಿದ ಹಾಗೆ. ಮತ್ತೆ ಮ್ಯೂನಿಕ್‌ಗೆ ಬರಲು ಆಗುವುದಿಲ್ಲ. ಅರ್ಜಿ ಹಾಕುವಾಗಲೇ ಹಲವು ಸಲ ಒಳಬರುವ ವೀಸಾ ಕೇಳಿ, ಕಾರಣದ ಪತ್ರದಲ್ಲಿ ಸರಾಯೆವೊ ಪ್ರವಾಸವನ್ನೂ ಬರೆಯಿರಿ. ಬೋಸ್ನಿಯಾಗೆ ಹೋಗಲು ಭಾರತದ ಪಾಸ್‌ಪೋರ್ಟಿನವರಿಗೆ ಏನು ಬೇಕು, ಷೆಂಗೆನ್ ವೀಸಾ ಅಥವಾ ಜರ್ಮನಿಯ ವಾಸದ ಪರವಾನಗಿ ಇದ್ದರೆ ಏನು ರಿಯಾಯಿತಿ ಅನ್ನುವುದನ್ನು ಬೋಸ್ನಿಯಾ ರಾಯಭಾರ ಕಚೇರಿಗೆ ಇಮೇಲ್ ಬರೆದು ಕೇಳಿ, ಉತ್ತರವನ್ನು ಪ್ರಿಂಟ್ ತೆಗೆದು ಇಟ್ಟುಕೊಳ್ಳಿ. ಈ ನಿಯಮಗಳು ಆಗಾಗ ಬದಲಾಗುತ್ತವೆ. ಯಾರೋ ಹೋದ ವರ್ಷ ಹೋಗಿ ಬಂದರು ಅನ್ನುವುದನ್ನು ನಂಬಿ ಟಿಕೆಟ್ ಮಾಡಬೇಡಿ.

ಅಪ್ಪನ 1914

ನಿಮ್ಮ ತಂದೆಗೆ ಬೇಕಾದ ಜಾಗ ಲ್ಯಾಟಿನ್ ಸೇತುವೆ. ಮೊದಲೇ ಹೇಳಿಬಿಡಿ, ಅದು ಪುಟ್ಟ ಕಲ್ಲಿನ ಸೇತುವೆ, ದೊಡ್ಡ ಸ್ಮಾರಕವನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬಂದವರಿಗೆ ‘ಇಷ್ಟೇನಾ’ ಅನ್ನಿಸುತ್ತದೆ. ಆದರೆ ಆ ಬೆಳಗಿನ ಕಥೆಯನ್ನು ನದಿಯ ದಂಡೆಯಲ್ಲಿ ನಡೆಯುತ್ತಾ ಕೇಳಿದರೆ ಬೇರೆಯದೇ ಅನುಭವ.

1914ರ ಜೂನ್ 28. ಆಗ ಬೋಸ್ನಿಯಾವನ್ನು ಆಳುತ್ತಿದ್ದ ಆಸ್ಟ್ರಿಯಾ-ಹಂಗೇರಿಯ ಯುವರಾಜ ಫ್ರಾಂಜ್ ಫರ್ಡಿನಾಂಡ್, ಹೆಂಡತಿ ಸೋಫಿ ಜೊತೆ ತೆರೆದ ಕಾರಿನಲ್ಲಿ ಇದೇ ದಂಡೆಯ ರಸ್ತೆಯಲ್ಲಿ ಬರುತ್ತಿದ್ದ. ನೆಡೆಲ್ಕೊ ಚಾಬ್ರಿನೊವಿಚ್ ಎಂಬ ಹುಡುಗ ಬಾಂಬ್ ಎಸೆದ. ಅದು ಯುವರಾಜನಿಗೆ ತಾಕದೆ ಹಿಂದಿನ ಕಾರಿನ ಬಳಿ ಸಿಡಿಯಿತು. ಯುವರಾಜ ಹಾಗೇ ಮುಂದೆ ಹೋಗಿ ಪುರಭವನದಲ್ಲಿ ಸ್ವಾಗತ ಸಮಾರಂಭ ಮುಗಿಸಿದ. ಗಾಯಗೊಂಡವರನ್ನು ನೋಡಲು ಆಸ್ಪತ್ರೆಗೆ ಹೋಗೋಣ ಅಂದ. ದಾರಿ ಬದಲಾಗಿದ್ದು ಡ್ರೈವರಿಗೆ ಗೊತ್ತಾಗಲಿಲ್ಲ. ಲ್ಯಾಟಿನ್ ಸೇತುವೆ ಹತ್ತಿರ ಹಳೇ ದಾರಿಗೇ ತಿರುಗಿಸಿಬಿಟ್ಟ. ತಪ್ಪಾಯಿತು ಅಂತ ಕಾರು ನಿಲ್ಲಿಸಿದ ಜಾಗದಲ್ಲೇ ಅದೇ ಸಂಚಿನ ಇನ್ನೊಬ್ಬ ಹುಡುಗ ಗಾವ್ರಿಲೊ ಪ್ರಿನ್ಸಿಪ್ ನಿಂತಿದ್ದ. ಎರಡು ಗುಂಡು, ಎರಡು ಜೀವ.

ಪ್ರಿನ್ಸಿಪ್ ಆಗ ಸ್ಯಾಂಡ್‌ವಿಚ್ ತಿನ್ನುತ್ತಿದ್ದ ಅನ್ನುವ ಕಥೆಯನ್ನು ಬಹಳ ಗೈಡ್‌ಗಳು ಹೇಳುತ್ತಾರೆ. ಅದಕ್ಕೆ ಆಧಾರವಿಲ್ಲ, ಸುಮ್ನೆ ಕಟ್ಟಿದ ಕಥೆ. ಆ ಮೂಲೆಯಲ್ಲಿ ತಿಂಡಿ ಸಾಮಾನಿನ ಅಂಗಡಿ ಇದ್ದದ್ದು ನಿಜ, ಈಗ ಅದೇ ಕಟ್ಟಡದಲ್ಲಿ 1878ರಿಂದ 1918ರವರೆಗಿನ ಸರಾಯೆವೊದ ಚಿಕ್ಕ ಮ್ಯೂಸಿಯಂ ಇದೆ. ಪ್ರಿನ್ಸಿಪ್‌ಗೆ ಇಪ್ಪತ್ತು ತುಂಬಿರಲಿಲ್ಲವಾದ್ದರಿಂದ ಗಲ್ಲು ಆಗಲಿಲ್ಲ. 1918ರಲ್ಲಿ ಜೈಲಿನಲ್ಲೇ ಕ್ಷಯದಿಂದ ಸತ್ತ. ಅವನು ಸ್ವಾತಂತ್ರ್ಯ ಹೋರಾಟಗಾರನೋ ಕೊಲೆಗಾರನೋ ಅನ್ನುವುದರಲ್ಲಿ ಬೋಸ್ನಿಯಾದ ಜನರೇ ಇಂದಿಗೂ ಒಂದಾಗಿಲ್ಲ. ಮೇಷ್ಟ್ರಿಗೆ ಚರ್ಚೆ ಮಾಡುವ ಉತ್ಸಾಹ ಬರಬಹುದು. ಗೈಡ್ ಜೊತೆ ಮಾಡಲಿ, ಟ್ಯಾಕ್ಸಿ ಡ್ರೈವರ್ ಜೊತೆ ಬೇಡ.

ಯುವರಾಜ ಸ್ವಾಗತ ಪಡೆದ ಆ ಪುರಭವನವೇ ವಿಯೆಚ್ನಿತ್ಸಾ. ಸೇತುವೆಯಿಂದ ದಂಡೆಯಲ್ಲೇ ಸಮತಟ್ಟಾಗಿ ನಡೆದರೆ ಸಿಗುತ್ತದೆ. ಆಸ್ಟ್ರಿಯನ್ನರು 1890ರ ದಶಕದಲ್ಲಿ ಕಟ್ಟಿದ್ದು, ಮೂರಿಷ್ ಶೈಲಿಯ ಕಮಾನು, ಬಣ್ಣದ ಗಾಜಿನ ಚಾವಣಿ. ಮುಂದೆ ರಾಷ್ಟ್ರೀಯ ಗ್ರಂಥಾಲಯವಾಯಿತು. 1992ರ ಆಗಸ್ಟ್ 25ರ ರಾತ್ರಿ ಬೆಟ್ಟದಿಂದ ಸಿಡಿಸಿದ ಶೆಲ್‌ಗಳಿಗೆ ಹೊತ್ತಿ ಉರಿಯಿತು. ಪುಸ್ತಕಗಳಲ್ಲಿ ಬಹುಪಾಲು ಬೂದಿಯಾದವು. ರಿಪೇರಿ ಮುಗಿದು ಬಾಗಿಲು ತೆರೆದದ್ದು 2014ರಲ್ಲಿ. ಒಳಗೆ ಟಿಕೆಟ್ ಇದೆ, ಕೊಡಿ, ನೋಡಿ. ಎದುರು ದಂಡೆಯಲ್ಲಿ ‘ಹಟದ ಮನೆ’ ಅನ್ನುವ ಹೋಟೆಲ್ ಕಾಣುತ್ತದೆ. ಪುರಭವನಕ್ಕೆ ಜಾಗ ಬಿಟ್ಟುಕೊಡಲು ಒಪ್ಪದ ಯಜಮಾನ, ತನ್ನ ಮನೆಯನ್ನು ಕಲ್ಲು ಕಲ್ಲಾಗಿ ಬಿಚ್ಚಿ ನದಿಯ ಆಚೆ ಕಟ್ಟಿಕೊಡಿ ಅಂತ ಪಟ್ಟು ಹಿಡಿದನಂತೆ. ಕಥೆಯಲ್ಲಿ ಎಷ್ಟು ಉಪ್ಪು ಖಾರ ಸೇರಿದೆಯೋ, ಊರಿನವರು ಮಾತ್ರ ಹೆಮ್ಮೆಯಿಂದ ಹೇಳುತ್ತಾರೆ.

ಮಸೀದಿ, ಚರ್ಚು, ಗಡಿಯಾರ

ಹಳೇ ಪೇಟೆಯ ಹೆಸರು ಬಾಶ್‌ಚಾರ್ಶಿಯಾ. ಈ ಊರು ಬೆಳೆದದ್ದು 15ನೇ ಶತಮಾನದಲ್ಲಿ, ಇಸಾ ಬೇಗ್ ಇಶಾಕೊವಿಚ್ ಎಂಬ, ತುರ್ಕರ ಆಟೊಮನ್ ಸಾಮ್ರಾಜ್ಯದ ಅಧಿಕಾರಿಯ ಕಾಲದಲ್ಲಿ. ಒಂದೊಂದು ಕಸುಬಿಗೆ ಒಂದೊಂದು ಬೀದಿ. ಕಜಾಂಜಿಲುಕ್ ಬೀದಿಯಲ್ಲಿ ಇವತ್ತಿಗೂ ತಾಮ್ರದ ಪಾತ್ರೆ ಬಡಿಯುವ ಸದ್ದು ಕೇಳುತ್ತದೆ. ಅಲ್ಲಿಂದ ಸಾರಾಚಿ ಬೀದಿ ಹಿಡಿದು ಪಶ್ಚಿಮಕ್ಕೆ ನಡೆದರೆ ಫೆರ್ಹಾದಿಯಾ ಬೀದಿ ಶುರುವಾಗುತ್ತದೆ. ಎರಡೂ ಸೇರುವ ಜಾಗದಲ್ಲಿ ನೆಲದ ಮೇಲೆ ಒಂದು ಗೆರೆ ಎಳೆದಿದ್ದಾರೆ. ಗೆರೆಯ ಈಚೆ ತಗ್ಗು ಚಾವಣಿಯ ಮರದ ಅಂಗಡಿಗಳು, ಆಚೆ ವಿಯೆನ್ನಾದಿಂದ ಎತ್ತಿ ತಂದಿಟ್ಟಂಥ ನಾಲ್ಕಂತಸ್ತಿನ ಕಟ್ಟಡಗಳು. ಈ ದಾರಿ ಪೂರ್ತಿ ಸಮತಟ್ಟು, ಆದರೆ ಹಳೇ ಪೇಟೆಯ ಕಲ್ಲುಹಾಸು ಮಳೆ ಬಂದರೆ ಜಾರುತ್ತದೆ. ಅಪ್ಪನಿಗೆ ಹಿಡಿತ ಇರುವ ಶೂ ಹಾಕಿಸಿ, ಚಪ್ಪಲಿ ಬೇಡ.

ಗಾಜಿ ಹುಸ್ರೆವ್ ಬೇಗ್ ಮಸೀದಿ ಸಾರಾಚಿಯಲ್ಲೇ ಇದೆ, 1530ರ ಹೊತ್ತಿಗೆ ಕಟ್ಟಿದ್ದು. ನೀವು ಒಳಗೆ ಹೋಗಬಹುದು, ಬೇರೆ ಧರ್ಮದವರಿಗೆ ಅಡ್ಡಿ ಇಲ್ಲ. ಪ್ರವಾಸಿಗಳಿಗೆ ಟಿಕೆಟ್ ಇದೆ, ನಮಾಜಿನ ಹೊತ್ತಿನಲ್ಲಿ ಬಿಡುವುದಿಲ್ಲ, ಶುಕ್ರವಾರ ಮಧ್ಯಾಹ್ನವಂತೂ ಆ ಕಡೆ ಹೋಗುವುದೇ ಬೇಡ. ಶೂ ಹೊರಗೆ ಬಿಡಬೇಕು. ಹೆಂಗಸರು ತಲೆಗೆ ಬಟ್ಟೆ ಹೊದೆಯಬೇಕು. ಅಮ್ಮನ ಸೀರೆ ಸೆರಗೋ, ಚೂಡಿದಾರದ ದುಪಟ್ಟಾವೋ ಸಾಕು. ಒಳಗೆ ಯಾರಾದರೂ ಕುಳಿತು ಪ್ರಾರ್ಥನೆ ಮಾಡುತ್ತಿದ್ದರೆ ಅವರ ಮುಂದೆ ಹಾದುಹೋಗಬೇಡಿ, ಅವರ ಫೋಟೊ ತೆಗೆಯಬೇಡಿ. ಅಮ್ಮನಿಗೆ ಒಳಗೆ ಹೋಗಲು ಮನಸ್ಸಿಲ್ಲದಿದ್ದರೆ ಬಲವಂತವೂ ಬೇಡ. ಅಂಗಳದಲ್ಲಿ ಮರದ ನೆರಳಿದೆ, ಕಾರಂಜಿ ಇದೆ, ಅಲ್ಲಿ ಕೂರುವುದೂ ಒಂದು ಸುಖ.

ಮಸೀದಿ ಪಕ್ಕದ ಗಡಿಯಾರ ಗೋಪುರವನ್ನು ನೋಡಿ ಮಗಳು ‘ಇದು ಕೆಟ್ಟಿದೆ’ ಅನ್ನುತ್ತಾಳೆ. ಕೆಟ್ಟಿಲ್ಲ. ಸೂರ್ಯ ಮುಳುಗಿದಾಗ ಅದರಲ್ಲಿ ಹನ್ನೆರಡು ಗಂಟೆ. ನಮ್ಮ ಪಂಚಾಂಗದಲ್ಲಿ ಘಳಿಗೆಯ ಲೆಕ್ಕ ಸೂರ್ಯೋದಯದಿಂದ ಶುರುವಾಗುವ ಹಾಗೆ, ಇಲ್ಲಿ ದಿನದ ಲೆಕ್ಕ ಸೂರ್ಯಾಸ್ತದಿಂದ. ಸೂರ್ಯಾಸ್ತ ದಿನದಿಂದ ದಿನಕ್ಕೆ ಸರಿಯುವುದರಿಂದ ಮುಳ್ಳನ್ನು ಆಗಾಗ ಕೈಯಿಂದಲೇ ಸರಿಪಡಿಸಬೇಕು. ಅದಕ್ಕೆ ಅಂತಲೇ ಒಬ್ಬರು ಇರುತ್ತಾರೆ.

ಮಸೀದಿಯಿಂದ ಕೆಲವೇ ನಿಮಿಷದ ನಡಿಗೆಯಲ್ಲಿ ಹಳೇ ಆರ್ಥೊಡಾಕ್ಸ್ ಚರ್ಚು, 1889ರ ಕ್ಯಾಥೊಲಿಕ್ ಕೆಥೆಡ್ರಲ್, 16ನೇ ಶತಮಾನದ ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ) ಎಲ್ಲವೂ ಇವೆ. ಸಿನಗಾಗ್ ಈಗ ಯಹೂದಿ ಮ್ಯೂಸಿಯಂ. ಈ ಕಾರಣಕ್ಕೆ ಸರಾಯೆವೊವನ್ನು ‘ಯುರೋಪಿನ ಜೆರುಸಲೇಮ್’ ಅನ್ನುತ್ತಾರೆ. ಕಟ್ಟಡಗಳ ಮಟ್ಟಿಗೆ ಅದು ನಿಜ. ಜನರ ಮಟ್ಟಿಗೆ ಈಗ ಅಷ್ಟು ನಿಜವಲ್ಲ, ಟೂರ್ ಪುಸ್ತಿಕೆಗಳು ಇದನ್ನು ಹೇಳುವುದಿಲ್ಲ. 1492ರಲ್ಲಿ ಸ್ಪೇನ್‌ನಿಂದ ಹೊರಹಾಕಿದ ಯಹೂದಿಗಳ ಸಂತತಿ ಇಲ್ಲಿ ನೆಲೆಸಿ ನಾಲ್ಕು ಶತಮಾನ ಬಾಳಿತು. ಅವರಲ್ಲಿ ಬಹುಪಾಲು ಜನ ಎರಡನೇ ಮಹಾಯುದ್ಧದಲ್ಲಿ ಕೊಲೆಯಾದರು. 1990ರ ದಶಕದ ಯುದ್ಧದ ಮೇಲೆ ಆರ್ಥೊಡಾಕ್ಸ್ ಕ್ರೈಸ್ತರಾದ ಸರ್ಬರು, ಕ್ಯಾಥೊಲಿಕರಾದ ಕ್ರೊಯೇಟರು ಕೂಡ ದೊಡ್ಡ ಸಂಖ್ಯೆಯಲ್ಲಿ ಊರು ಬಿಟ್ಟರು. ಈಗ ಮುಸ್ಲಿಂ ಬೋಸ್ನಿಯಾಕರದೇ ದೊಡ್ಡ ಸಂಖ್ಯೆ. ಹಾಗಾಗಿ ಯಾರನ್ನೂ ‘ನೀವು ಯಾವ ಧರ್ಮ’ ಅಂತ ಕೇಳಬೇಡಿ. ಹೆಸರಲ್ಲೇ ಗೊತ್ತಾಗುತ್ತದೆ, ಗೊತ್ತಾದರೂ ಬಾಯಿಬಿಟ್ಟು ಹೇಳಬೇಡಿ. ನಮ್ಮ ಕಡೆ ಬಸ್ಸಿನಲ್ಲಿ ಕುಳಿತ ಹತ್ತು ನಿಮಿಷಕ್ಕೆ ‘ನೀವು ಯಾವ ಪೈಕಿ’ ಅಂತ ಕೇಳುವ ಚಾಳಿ ಇದೆಯಲ್ಲ, ಅದನ್ನು ಮ್ಯೂನಿಕ್‌ನಲ್ಲೇ ಬಿಟ್ಟು ಹೋಗಿ.

ಅಪ್ಪನಿಗೆ ಇನ್ನೊಂದು ಜಾಗ ತಪ್ಪದೆ ತೋರಿಸಿ. 1888ರಲ್ಲಿ ಶುರುವಾದ ರಾಷ್ಟ್ರೀಯ ಮ್ಯೂಸಿಯಂ. ಟ್ರಾಮ್ ಹತ್ತಿ ಹೋಗಬಹುದು. ಅಲ್ಲಿರುವ ಸರಾಯೆವೊ ಹಗ್ಗಾದಾ, 14ನೇ ಶತಮಾನದಲ್ಲಿ ಸ್ಪೇನ್‌ನಲ್ಲಿ ಬರೆದ ಯಹೂದಿಗಳ ಹಬ್ಬದ ಚಿತ್ರಗ್ರಂಥ. ನಾಜಿಗಳ ಕಾಲದಲ್ಲಿ ಇದನ್ನು ಉಳಿಸಿದ್ದು ಮ್ಯೂಸಿಯಂನ ಗ್ರಂಥಪಾಲಕ ದೆರ್ವಿಶ್ ಕೊರ್ಕುಟ್ ಎಂಬ ಮುಸ್ಲಿಂ ವಿದ್ವಾಂಸ. 1992ರಲ್ಲಿ ಶೆಲ್ ಬೀಳುತ್ತಿದ್ದಾಗ ಮತ್ತೆ ಇದನ್ನು ಬ್ಯಾಂಕಿನ ಖಜಾನೆಗೆ ಸಾಗಿಸಬೇಕಾಯಿತು. ಗ್ರಂಥವನ್ನು ಬೇರೆ ಕೋಣೆಯಲ್ಲಿ ಇಟ್ಟಿದ್ದಾರೆ, ಅದನ್ನು ನೋಡುವ ಹೊತ್ತೇ ಬೇರೆ ಇರುತ್ತದೆ. ಮೊದಲೇ ಕೇಳಿಕೊಂಡು ಹೋಗಿ.

ಅಮ್ಮನ ಊಟ

ಸುಳ್ಳು ಸಮಾಧಾನ ಹೇಳುವುದಿಲ್ಲ. ಬಾಶ್‌ಚಾರ್ಶಿಯಾದ ಗಾಳಿಯಲ್ಲೇ ಸುಟ್ಟ ಮಾಂಸದ ವಾಸನೆ ಇದೆ. ಚೆವಾಪಿ ಅನ್ನುವ ದನದ ಮಾಂಸದ ಪುಟ್ಟ ಕಬಾಬ್ ಆ ಊರಿನ ಹೆಮ್ಮೆ. ಅಮ್ಮನಿಗೆ ಅದು ಹಿಂಸೆ ಅನ್ನಿಸಿದರೆ ಊಟದ ಹೊತ್ತಿಗೆ ಫೆರ್ಹಾದಿಯಾ ಕಡೆಗೆ ಬಂದುಬಿಡಿ.

ತಿನ್ನಲು ಇಲ್ಲವೇ ಇಲ್ಲ ಅನ್ನುವುದು ಮಾತ್ರ ಸುಳ್ಳು. ಬೋಸ್ನಿಯಾದವರ ದಿನದ ತಿಂಡಿ ‘ಪಿತಾ’. ಕಾಗದದಷ್ಟು ತೆಳ್ಳಗೆ ಎಳೆದ ಹಿಟ್ಟಿನ ಹಾಳೆಯೊಳಗೆ ಹೂರಣ ಸುತ್ತಿ, ಸುರುಳಿ ಮಾಡಿ ಬೇಯಿಸುತ್ತಾರೆ. ಇಲ್ಲಿ ಒಂದು ಎಚ್ಚರಿಕೆ. ಬೇರೆ ಬಾಲ್ಕನ್ ಊರುಗಳಲ್ಲಿ ‘ಚೀಸ್ ಬುರೆಕ್’ ಸಿಗುತ್ತದೆ. ಬೋಸ್ನಿಯಾದಲ್ಲಿ ಬುರೆಕ್ ಅಂದರೆ ಮಾಂಸದ್ದೇ, ಬೇರೆ ಮಾತಿಲ್ಲ. ಚೀಸ್‌ನದು ಸಿರ್ನಿತ್ಸಾ, ಸೊಪ್ಪಿನದು ಝೆಲ್ಯಾನಿತ್ಸಾ, ಆಲೂಗಡ್ಡೆಯದು ಕ್ರೊಂಪಿರುಶಾ, ಕುಂಬಳಕಾಯಿಯದು ಟಿಕ್ವೆನಿತ್ಸಾ. ಮೊದಲೆರಡರಲ್ಲಿ ಚೀಸಿನ ಜೊತೆ ಮೊಟ್ಟೆ ಕಲಸುವುದು ಮಾಮೂಲು. ಅಮ್ಮನಿಗೆ ಹೊಂದುವುದು ಕ್ರೊಂಪಿರುಶಾ. ಈರುಳ್ಳಿ, ಮೆಣಸಿನ ಪುಡಿ ಹಾಕಿರುತ್ತಾರೆ, ನಮ್ಮ ನಾಲಿಗೆಗೂ ಹಿಡಿಸುತ್ತದೆ. ಜೊತೆಗೆ ಒಂದು ಲೋಟ ಮೊಸರು ತೆಗೆದುಕೊಳ್ಳಿ. ಇವೆಲ್ಲ ಬೇಯುವುದು ಒಂದೇ ಒಲೆಯಲ್ಲಿ, ಬಡಿಸುವ ಚಮಚವೂ ಒಂದೇ. ಅದನ್ನು ಅಮ್ಮ ಒಪ್ಪುತ್ತಾರಾ ಅಂತ ಮೊದಲೇ ಮಾತಾಡಿಕೊಳ್ಳಿ. ಒಪ್ಪದಿದ್ದರೆ ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ಬಾಡಿಗೆಗೆ ಹಿಡಿದು, ಒಂದು ಚಿಕ್ಕ ಕುಕ್ಕರ್ ಒಯ್ಯುವುದೇ ಮೇಲು. ಅಕ್ಕಿ, ಬೇಳೆ, ತರಕಾರಿ, ಮೊಸರು ಎಲ್ಲ ಅಲ್ಲೇ ಸಿಗುತ್ತದೆ. ತಿಳಿಸಾರಿನ ಪುಡಿ ಮಾತ್ರ ನೀವು ತೆಗೆದುಕೊಂಡು ಹೋಗಬೇಕು.

ಸೊಮುನ್ ಅನ್ನುವ ಉಬ್ಬಿದ ರೊಟ್ಟಿ ತುಂಬ ಚೆನ್ನಾಗಿರುತ್ತದೆ. ಅದನ್ನು ಬೇಕರಿಯಿಂದ ತನ್ನಿ, ಚೆವಾಪಿ ಅಂಗಡಿಯಿಂದ ಬೇಡ. ಚೆವಾಪಿ ಅಂಗಡಿಯವರು ರೊಟ್ಟಿಯನ್ನು ಮಾಂಸದ ರಸ ಸವರಿ ಬೆಂಕಿಯ ಮೇಲೆ ಬಿಸಿ ಮಾಡುವುದು ಉಂಟು, ನೋಡಿದರೆ ಗೊತ್ತಾಗುವುದಿಲ್ಲ. ರೊಟ್ಟಿಗೆ ಕೈಮಾಕ್ ಅನ್ನುವ ಗಟ್ಟಿ ಕೆನೆ, ಐವಾರ್ ಅನ್ನುವ ಸುಟ್ಟ ಕೆಂಪು ದಪ್ಪಮೆಣಸಿನಕಾಯಿಯ ಚಟ್ನಿ, ಟೊಮೆಟೊ ಇದ್ದರೆ ಒಂದು ಹೊತ್ತು ಕಳೆಯಿತು. ಸೂಪು ತರಕಾರಿಯದು ಅಂದರೂ ಮಾಂಸ ಬೇಯಿಸಿದ ನೀರಿನಲ್ಲಿ ಮಾಡಿರಬಹುದು. ಹುರುಳಿಕಾಯಿ ಬೀಜದ ‘ಗ್ರಾಹ್’ ನಮ್ಮ ರಾಜ್ಮಾ ಅಂದುಕೊಂಡು ಹಾಕಿಸಿಕೊಳ್ಳಬೇಡಿ, ಒಳಗೆ ಒಣಮಾಂಸದ ತುಂಡು ಇರುವುದೇ ಜಾಸ್ತಿ. ‘ಬೆಜ್ ಮೆಸಾ, ಬೆಜ್ ಯಾಯಾ’ ಅಂದರೆ ಮಾಂಸ ಬೇಡ, ಮೊಟ್ಟೆ ಬೇಡ ಅಂತ. ಅಷ್ಟಕ್ಕೇ ನಿಲ್ಲಿಸದೆ ಕೋಳಿ, ಮೀನು ಬೇಡ ಅಂತಲೂ ಬಿಡಿಸಿ ಹೇಳಿ. ಫೋನಿನಲ್ಲಿ ಬೋಸ್ನಿಯನ್ ಭಾಷೆಯಲ್ಲಿ ಬರೆಸಿಟ್ಟುಕೊಂಡು ತೋರಿಸುವುದು ಎಲ್ಲಕ್ಕಿಂತ ಸುಲಭ.

ಸಿಹಿಗೆ ತುಫಾಹಿಯಾ ಕೇಳಿ. ಸಕ್ಕರೆ ಪಾಕದಲ್ಲಿ ಬೆಂದ ಇಡೀ ಸೇಬು, ಒಳಗೆ ಅಕ್ರೋಟು, ಮೇಲೆ ಕೆನೆ.

ಇನ್ನು ಕಾಫಿ. ಮೈಸೂರಿನವರಿಗೆ ಕಾಫಿ ಹೇಳಿಕೊಡುವ ಧೈರ್ಯ ನನಗಿಲ್ಲ. ಇಷ್ಟು ಮಾತ್ರ ಹೇಳುತ್ತೇನೆ. ಹಾಲು ಇರುವುದಿಲ್ಲ. ತಾಮ್ರದ ತಟ್ಟೆಯಲ್ಲಿ ಜೆಜ್ವಾ ಅನ್ನುವ ಉದ್ದ ಹಿಡಿಯ ಕಾಫಿ ಪಾತ್ರೆ, ಹಿಡಿ ಇಲ್ಲದ ಪುಟ್ಟ ಬಟ್ಟಲು, ಸಕ್ಕರೆ ಗಟ್ಟಿ, ಒಂದು ಲೋಟ ನೀರು ತಂದಿಡುತ್ತಾರೆ. ಗಸಿ ತಳಕ್ಕೆ ಇಳಿಯುವವರೆಗೆ ಕಾಯಬೇಕು. ಆಮೇಲೆ ಬಟ್ಟಲಿಗೆ ಬಗ್ಗಿಸಿ, ಸಕ್ಕರೆ ಗಟ್ಟಿಯ ಮೂಲೆ ಅದ್ದಿ ಕಚ್ಚಿ, ಒಂದು ಗುಟುಕು ಕುಡಿಯುವುದು. ‘ಟರ್ಕಿಶ್ ಕಾಫಿ’ ಅಂತ ಕೇಳಿದರೆ ಕೆಲವರ ಮುಖ ಗಂಟಿಕ್ಕುತ್ತದೆ. ಅವರ ಪ್ರಕಾರ ಮಾಡುವ ರೀತಿಯೇ ಬೇರೆ, ಇದು ಬೋಸ್ನಿಯನ್ ಕಾಫಿ. ಅರ್ಧ ಗಂಟೆ ಕುಳಿತರೂ ಯಾರೂ ಎಬ್ಬಿಸುವುದಿಲ್ಲ. ಅಪ್ಪನ ಮೊಣಕಾಲಿಗೆ ದಿನಕ್ಕೆ ಎರಡು ಸಲ ಈ ಔಷಧ ಕೊಡಿಸಿ.

ಮಗಳಿಗೆ ಯುದ್ಧ ತೋರಿಸಬೇಕಾ?

ನೀವು ತೋರಿಸದಿದ್ದರೂ ಅವಳು ನೋಡುತ್ತಾಳೆ. ಗೋಡೆಗಳಲ್ಲಿ ಗುಂಡಿನ ತೂತುಗಳಿವೆ. ರಸ್ತೆಯಲ್ಲಿ ಅಲ್ಲಲ್ಲಿ ಕೆಂಪು ರಾಳ ತುಂಬಿದ ಗುಂಡಿಗಳು ಕಾಣುತ್ತವೆ. ಶೆಲ್ ಬಿದ್ದು ಜನ ಸತ್ತ ಜಾಗಗಳು ಅವು, ‘ಸರಾಯೆವೊ ಗುಲಾಬಿ’ ಅನ್ನುತ್ತಾರೆ. ಸರಾಯೆವೊದ ಮುತ್ತಿಗೆಯಲ್ಲಿ 11,541 ಜನ ಸತ್ತರು ಅನ್ನುವ ಲೆಕ್ಕದಲ್ಲಿ, 2012ರಲ್ಲಿ ಊರಿನ ಮುಖ್ಯ ಬೀದಿಯಲ್ಲಿ ಅಷ್ಟೇ ಕೆಂಪು ಕುರ್ಚಿಗಳನ್ನು ಖಾಲಿ ಇಟ್ಟಿದ್ದರು. ಮಗು ಕೇಳಿದಾಗ ಮಾತು ಮರೆಸುವುದಕ್ಕಿಂತ ಅವಳ ವಯಸ್ಸಿಗೆ ತಕ್ಕ ಉತ್ತರ ಇಟ್ಟುಕೊಳ್ಳುವುದು ಒಳ್ಳೆಯದು.

ನನ್ನ ಅನುಭವದಲ್ಲಿ ಹನ್ನೊಂದರ ಮಕ್ಕಳಿಗೆ ಹೊಂದುವುದು ಎರಡು ಜಾಗ. ಒಂದು, 2017ರಲ್ಲಿ ತೆರೆದ ಯುದ್ಧಕಾಲದ ಬಾಲ್ಯದ ಮ್ಯೂಸಿಯಂ. ಆಗ ಮಕ್ಕಳಾಗಿದ್ದವರು ಕೊಟ್ಟ ಆಟಿಕೆ, ಡೈರಿ, ಬಟ್ಟೆ ಇಂಥವು, ಒಂದೊಂದರ ಜೊತೆ ಅವರದೇ ನಾಲ್ಕು ಸಾಲು. ಹೆಣ, ರಕ್ತದ ಚಿತ್ರಗಳ ಕಾಟ ಇಲ್ಲ. ಇನ್ನೊಂದು, ವಿಮಾನ ನಿಲ್ದಾಣದ ಆಚೆ ಬುತ್ಮಿರ್‌ನಲ್ಲಿರುವ ಸುರಂಗ. ಮುತ್ತಿಗೆ ಬಿದ್ದ ಊರಿಗೂ ಹೊರಗಿನ ಜಾಗಕ್ಕೂ ನಡುವೆ ವಿಮಾನ ನಿಲ್ದಾಣ ಇತ್ತು, ಅದು ವಿಶ್ವಸಂಸ್ಥೆಯ ಕೈಯಲ್ಲಿತ್ತು. ರನ್‌ವೇ ಮೇಲೆ ಓಡಿ ದಾಟಲು ಹೋದವರು ಗುಂಡಿಗೆ ಬಲಿಯಾಗುತ್ತಿದ್ದರು. ಅದಕ್ಕೇ 1993ರಲ್ಲಿ ರನ್‌ವೇ ಕೆಳಗೆ ಸುಮಾರು 800 ಮೀಟರ್ ಉದ್ದದ ಸುರಂಗ ತೋಡಿದರು. ಆಹಾರ, ಔಷಧ, ಗಾಯಾಳುಗಳು, ಆಯುಧ ಎಲ್ಲ ಅದರಲ್ಲೇ ಸಾಗಿದ್ದು. ಈಗ ಒಂದು ಸಣ್ಣ ತುಂಡಿನಲ್ಲಿ ಮಾತ್ರ ನಡೆಯಬಹುದು. ಅಪ್ಪ ಬೆನ್ನು ಬಗ್ಗಿಸಬೇಕಾಗುತ್ತದೆ, ಆಗದಿದ್ದರೆ ಹೊರಗೆ ಕುಳಿತು ವೀಡಿಯೊ ನೋಡಲಿ. ಇಲ್ಲಿಗೆ ಇಲಿಜಾವರೆಗೆ ಟ್ರಾಮ್, ಅಲ್ಲಿಂದ ಟ್ಯಾಕ್ಸಿ.

ಕೆಥೆಡ್ರಲ್ ಪಕ್ಕದಲ್ಲಿ, ಪೂರ್ವ ಬೋಸ್ನಿಯಾದ ಸ್ರೆಬ್ರೆನಿತ್ಸಾ ಊರಿನ ಹತ್ಯಾಕಾಂಡದ ಚಿತ್ರಶಾಲೆ ಇದೆ. 1995ರ ಜುಲೈನಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಗಂಡಸರು, ಹುಡುಗರನ್ನು ಕೊಂದ ಘಟನೆ ಅದು. ಅಲ್ಲಿಗೆ ಅಪ್ಪ, ನೀವು ಹೋಗಿ. ಮಗಳನ್ನು ಈಗಲೇ ಬೇಡ. ಅಮ್ಮನೂ ಅವಳೂ ಅಷ್ಟು ಹೊತ್ತು ಹತ್ತಿರದ ಮಾರ್ಕಾಲೆ ಮಾರುಕಟ್ಟೆಯಲ್ಲಿ ಹಣ್ಣು ಕೊಳ್ಳಬಹುದು. ಆ ಮಾರುಕಟ್ಟೆಗೂ 1994ರಲ್ಲಿ, 1995ರಲ್ಲಿ ಶೆಲ್ ಬಿದ್ದಿತ್ತು. ಮೊದಲ ಸಲ 68 ಜನ, ಎರಡನೇ ಸಲ 43 ಜನ ಸತ್ತರು. ಹಿಂದಿನ ಗೋಡೆಯಲ್ಲಿ ಅವರ ಹೆಸರುಗಳಿವೆ, ಮುಂದೆ ಸ್ಟ್ರಾಬೆರಿ ಮಾರುತ್ತಾ ಇರುತ್ತಾರೆ. ಫೋಟೊ ತೆಗೆಯುವುದಕ್ಕಿಂತ ಏನಾದರೂ ಕೊಳ್ಳಿ, ಮಾರುವವರಿಗೂ ಅದೇ ಇಷ್ಟ. ಗುಲಾಬಿ ಗುರುತುಗಳ ಮೇಲೆ ನಿಂತು ಸೆಲ್ಫಿ ಬೇಡ.

ಸ್ಥಳೀಯರು ತಾವಾಗಿ ಯುದ್ಧದ ಮಾತು ತೆಗೆದರೆ ಕೇಳಿ. ನೀವಾಗಿ ‘ಆಗ ನೀವು ಎಲ್ಲಿದ್ದಿರಿ, ಯಾರನ್ನು ಕಳೆದುಕೊಂಡಿರಿ’ ಅಂತ ಕೆದಕಬೇಡಿ. ನಲವತ್ತು ದಾಟಿದ ಪ್ರತಿಯೊಬ್ಬರ ಬಳಿಯೂ ಅದಕ್ಕೆ ಉತ್ತರ ಇದೆ, ಪ್ರವಾಸಿಗೆ ಅದನ್ನು ಹೇಳುವ ಋಣ ಅವರಿಗಿಲ್ಲ.

ಉಳಿದ ಚಿಲ್ಲರೆ ಮಾತುಗಳು. ಅಲ್ಲಿನ ಹಣ ಮಾರ್ಕ್, ಒಂದು ಯೂರೋಗೆ ಸುಮಾರು 1.96ರಂತೆ ಕಟ್ಟಿಹಾಕಿದ್ದಾರೆ. ಸಣ್ಣ ಅಂಗಡಿಗಳಲ್ಲಿ ಕಾರ್ಡ್ ನಡೆಯದೆ ಇರಬಹುದು, ನೋಟು ಇಟ್ಟುಕೊಳ್ಳಿ. ಸಂಜೆ ಊರನ್ನು ಮೇಲಿಂದ ನೋಡಲು ಎಲ್ಲರೂ ಹೋಗುವ ಹಳದಿ ಕೋಟೆಗೆ ಅಪ್ಪನನ್ನು ನಡೆಸಬೇಡಿ, ತುಂಬ ಕಡಿದು. ಟ್ಯಾಕ್ಸಿ ಹತ್ತಿ, ಮೀಟರ್ ಹಾಕಿಸಿ. ಸರ್ಬಿಯಾದ ಬೆಲ್‌ಗ್ರೇಡ್ ಕಡೆಯಿಂದ ಬಸ್ಸಿನಲ್ಲಿ ಬರುವ ಯೋಚನೆ ಇದ್ದರೆ, ಬಹಳ ಬಸ್ಸುಗಳು ಪೂರ್ವ ಸರಾಯೆವೊ ನಿಲ್ದಾಣದಲ್ಲಿ ಇಳಿಸುತ್ತವೆ, ಅದು ಹಳೇ ಪೇಟೆಯಿಂದ ದೂರ. ಕಜಾಂಜಿಲುಕ್‌ನಲ್ಲಿ ಗುಂಡಿನ ಖಾಲಿ ಕೋಶದಿಂದ ಮಾಡಿದ ಪೆನ್ನು, ಕೀಚೈನು ಮಾರುತ್ತಾರೆ. ಮಗಳು ಕೇಳಿದರೂ ಕೊಡಿಸಬೇಡಿ. ಖಾಲಿ ಕೋಶವೇ ಆದರೂ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ತಕರಾರು ಬರುತ್ತದೆ, ಅಪ್ಪ ಅಮ್ಮ ಅದನ್ನು ಚೀಲದಲ್ಲಿಟ್ಟುಕೊಂಡು ಬೆಂಗಳೂರಿನಲ್ಲಿ ಇಳಿದರಂತೂ ಕೇಳುವುದೇ ಬೇಡ. ಅದೇ ಬೀದಿಯಲ್ಲಿ ಜೆಜ್ವಾ ಸಿಗುತ್ತದೆ. ಒಳಗೆ ತವರದ ಕಲಾಯಿ ಇದೆಯಾ ನೋಡಿ ತೆಗೆದುಕೊಳ್ಳಿ. ಇಲ್ಲದಿದ್ದರೆ ಅದು ಗೋಡೆಗೆ ತೂಗುಹಾಕುವ ಸಾಮಾನು, ಅದರಲ್ಲಿ ಕಾಫಿ ಕಾಯಿಸಬಾರದು.